ವಿಮಾನದ ಎಂಜಿನ್ ಹಡಗಿಗೆ ಆಗುತ್ತದೆ, ರೈಲಿಗೆ ಯಾಕಿಲ್ಲ?

ಬೈತಖೋಲ್ ಹುಡುಗ:
ಎಲ್ಲರಿಗೂ ನಮಸ್ಕಾರ. ಕಾರವಾರದವನು, ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. 2023ರಲ್ಲಿ ವಿಮಾನವಾಹಕ ಯುದ್ಧನೌಕೆ ವಿಕ್ರಾಂತ್ ನಮ್ಮ ಕದಂಬ ನೌಕಾನೆಲೆಗೆ ಬಂದಾಗಿನಿಂದ ಅದರ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಾ ಇದ್ದೇನೆ. ಅದನ್ನು ಓಡಿಸುವ ನಾಲ್ಕು ಎಲ್‌ಎಂ2500 ಗ್ಯಾಸ್ ಟರ್ಬೈನ್‌ಗಳು (ಉರಿಯುವ ಬಿಸಿ ಅನಿಲದಿಂದ ಚಕ್ರ ತಿರುಗಿಸುವ ಎಂಜಿನ್) ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯವು, ಮೂಲದಲ್ಲಿ ವಿಮಾನದ ಎಂಜಿನ್. ಅದೇ ಜಿಇ ಡೀಸೆಲ್ ಲೋಕೋ (ರೈಲು ಎಂಜಿನ್) ಕೂಡ ಮಾಡುತ್ತದೆ. ಹಾಗಾದರೆ ರೈಲಿಗೂ ಟರ್ಬೈನ್ ಯಾಕೆ ಹಾಕಲಿಲ್ಲ? ಬಲ್ಬ್ ಮಾಡುವ ಕಂಪನಿ ವಿಮಾನದ ಎಂಜಿನ್‌ಗೆ ಕೈ ಹಾಕಿದ್ದಾದರೂ ಹೇಗೆ?

ಅಂಕೋಲಾ ಲೋಕೋ:
ಹಾಕಿದ್ದರು ತಮ್ಮಾ! 1950ರ ದಶಕದಲ್ಲಿ ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆಗೆ ಜಿಇ ಗ್ಯಾಸ್ ಟರ್ಬೈನ್ ಲೋಕೋಗಳನ್ನು ಮಾಡಿಕೊಟ್ಟಿತ್ತು. ಮೊದಲು 4500 ಅಶ್ವಶಕ್ತಿ, ಆಮೇಲಿನವು 8500. ಯಾರಿಗೂ ಬೇಡವಾಗಿದ್ದ ದಪ್ಪ ಎಣ್ಣೆ ಉರಿಸಿಕೊಂಡು ಭಾರೀ ಗೂಡ್ಸ್ ಎಳೆಯುತ್ತಿದ್ದವು. ತೊಂದರೆ ಏನು ಅಂದರೆ, ಟರ್ಬೈನ್ ಪೂರ್ತಿ ಭಾರದಲ್ಲಿ ಒಂದೇ ಸಮ ಓಡಿದರೆ ಮಾತ್ರ ಗಿಟ್ಟುತ್ತದೆ, ಸುಮ್ನೆ ನಿಂತಾಗಲೂ ಎಣ್ಣೆ ಸಿಕ್ಕಾಪಟ್ಟೆ ಕುಡಿಯುತ್ತದೆ. ನಮ್ಮ ಕಡೆಯ ಒಂಟಿ ಹಳಿಯಲ್ಲಿ ಕ್ರಾಸಿಂಗ್‌ಗೆ ಅಂತ ಗೂಡ್ಸ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿದ್ದೀಯಲ್ಲ, ಅಲ್ಲಿ ಟರ್ಬೈನ್ ಇಟ್ಟರೆ ಖರ್ಚು ಲೆಕ್ಕಕ್ಕೇ ಸಿಗುವುದಿಲ್ಲ. ಆ ಅಗ್ಗದ ಎಣ್ಣೆಗೂ ಬೆಲೆ ಏರಿತು, 1970ರ ಹೊತ್ತಿಗೆ ಅವೆಲ್ಲ ಮೂಲೆ ಸೇರಿದವು.

ಶಿರಸಿ ಅಕ್ಕ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ, ನನಗೆ ತುಂಬಾ ಇಷ್ಟದ ಕಥೆ ಇದು. ಜಿಇ ಬಲ್ಬಿನ ಜೊತೆಗೆ ವಿದ್ಯುತ್ ಕೇಂದ್ರಗಳಿಗೆ ಸ್ಟೀಮ್ ಟರ್ಬೈನ್ ಕೂಡ ಮಾಡುತ್ತಿತ್ತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಸೊರಗುತ್ತದೆ ಅಲ್ವಾ, ಅದಕ್ಕೆ ಅಲ್ಲಿನ ಸ್ಯಾನ್‌ಫೋರ್ಡ್ ಮಾಸ್ ಎಂಬ ಎಂಜಿನಿಯರ್ ಎಂಜಿನ್ ಹೊರಹಾಕುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದರ ಬಲದಿಂದ ಗಾಳಿಯನ್ನು ಒತ್ತಿ ಎಂಜಿನ್‌ಗೆ ಕೊಡುವ ಟರ್ಬೊ ಮಾಡಿದರು. 1918ರಲ್ಲಿ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಎಂಜಿನ್ ಹೊತ್ತೊಯ್ದು ಪರೀಕ್ಷೆ ಮಾಡಿದ್ದರು. ಕೆಂಪಗೆ ಕಾದ ಚಕ್ರವನ್ನು ಭಯಂಕರ ವೇಗದಲ್ಲಿ ಮುರಿಯದಂತೆ ತಿರುಗಿಸುವುದು, ಜೆಟ್ ಎಂಜಿನ್ನಿನ ಕಷ್ಟದ ಭಾಗವೂ ಅದೇ. ಅದಕ್ಕೇ 1941ರಲ್ಲಿ ಬ್ರಿಟನ್ನಿನ ವಿಟ್ಲ್ ಜೆಟ್ ಎಂಜಿನ್ ಅಮೆರಿಕಕ್ಕೆ ಬಂದಾಗ ಸೇನೆ ಅದನ್ನು ಜಿಇ ಕೈಗೆ ಕೊಟ್ಟಿತು. ಮರುವರ್ಷವೇ ಅಮೆರಿಕದ ಮೊದಲ ಜೆಟ್ ವಿಮಾನ ಹಾರಿತು.

ಕುಮಟಾದಿಂದ:
ಒಂದು ತಿದ್ದುಪಡಿ. ಲೋಕೋ ವಿಭಾಗ ಈಗ ಜಿಇದಲ್ಲ, 2019ರಲ್ಲೇ ವಾಬ್‌ಟೆಕ್ ಎಂಬ ರೈಲು ಉಪಕರಣ ಕಂಪನಿ ಜೊತೆ ಸೇರಿತು. ಬಿಹಾರದ ಮರ್ಹೌರಾ ಡೀಸೆಲ್ ಲೋಕೋ ಕಾರ್ಖಾನೆಯೂ ಅವರ ಪಾಲಾಯಿತು. 2024ರಿಂದ ವಿಮಾನದ ಎಂಜಿನ್ ಮಾಡುವುದು ಜಿಇ ಏರೋಸ್ಪೇಸ್ ಎಂಬ ಕಂಪನಿ. ವಿಕ್ರಾಂತ್‌ನ ಟರ್ಬೈನ್‌ಗಳನ್ನು ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್. ಅದು ಹೆಮ್ಮೆಯೇ, ಆದರೆ ಜೋಡಿಸುವುದು ಬೇರೆ, ಮಾಡುವುದು ಬೇರೆ. ನಮ್ಮ ತೇಜಸ್ ಯುದ್ಧವಿಮಾನಕ್ಕೂ ಜಿಇ ಎಂಜಿನ್ನೇ ಬೇಕು, ಅದು ತಡವಾಗಿದ್ದಕ್ಕೆ ವಿಮಾನಗಳೂ ತಡವಾದವು. ಅಕ್ಕ ಹೇಳಿದ ಆ ಕಾದ ಚಕ್ರ ಮುರಿಯದಿರಬೇಕಾದರೆ ಒಳ್ಳೆಯ ಲೋಹ ಬೇಕು, ಅದಕ್ಕೇ ನಿನ್ನಂಥವರು ಲೋಹಶಾಸ್ತ್ರದ ಕಡೆ ಹೋಗಬೇಕು ಮಾರಾಯ.

ಬೈತಖೋಲ್ ಹುಡುಗ:
ಅಕ್ಕ, ಅಣ್ಣಂದಿರೇ, ತುಂಬಾ ಥ್ಯಾಂಕ್ಸ್. ಆದರೆ ನಿಧಾನ ಹೋಗುವಾಗ ಹಡಗಿನಲ್ಲೂ ಎಣ್ಣೆ ಜಾಸ್ತಿ ಸುಡಲ್ವಾ?

ಅಂಕೋಲಾ ಲೋಕೋ:
ಸುಡುತ್ತದೆ. ನಾಲ್ಕಿದ್ದರೆ ಕೆಲವನ್ನು ಬಂದ್ ಮಾಡಿ ಉಳಿದವಕ್ಕೆ ಹೆಚ್ಚು ಭಾರ ಕೊಡಬಹುದು. ಶಿವಾಲಿಕ್ ಯುದ್ಧನೌಕೆಗಳಲ್ಲಿ ಎರಡು ಡೀಸೆಲ್, ಎರಡು ಎಲ್‌ಎಂ2500 ಇವೆ. ಆರಾಮಾಗಿ ಹೋಗುವಾಗ ಡೀಸೆಲ್, ವೇಗ ಬೇಕಾದಾಗ ಟರ್ಬೈನ್.