ಕೊಲೆಸ್ಟ್ರಾಲ್ ಮಾತ್ರೆ ತಪ್ಪದಂತೆ ನುಂಗಿಸಲು ಹಣ ಕೊಟ್ಟರೆ ಉಪಯೋಗವಿದೆಯೇ?

ಪ್ರಶ್ನೆ: ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಶುರು ಮಾಡಿದ ಎಷ್ಟೋ ರೋಗಿಗಳು ಕೆಲವೇ ತಿಂಗಳಲ್ಲಿ ಬಿಟ್ಟುಬಿಡುತ್ತಾರೆ. ದಿನಾ ನುಂಗಿದವರಿಗೆ ಬಹುಮಾನ ಇಟ್ಟರೆ ಹೇಗೆ? ನುಂಗಿದ್ದಾರೆಂದು ತಿಳಿಯುವುದು ಹೇಗೆ?

ಉತ್ತರ 1: ರೋಗಿಗೆ ಮಾತ್ರ ಕೊಟ್ಟರೆ ಸಾಲದು. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 1,503 ರೋಗಿಗಳನ್ನು 12 ತಿಂಗಳು ಗಮನಿಸಿದರು. ರೋಗಿಗೆ ದಿನಾ ಲಾಟರಿ ಇಟ್ಟ ಗುಂಪಿನಲ್ಲಿ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಡೆಸಿಲೀಟರ್ ರಕ್ತಕ್ಕೆ ಸರಾಸರಿ 25.1 ಮಿಲಿಗ್ರಾಂ ಇಳಿಯಿತು, ಏನೂ ಕೊಡದ ಗುಂಪಿನಲ್ಲೂ ಅಷ್ಟೇ! ಬಹುಮಾನವನ್ನು ವೈದ್ಯರಿಗೂ ರೋಗಿಗೂ ಹಂಚಿದಾಗ ಮಾತ್ರ 33.6 ಮಿಲಿಗ್ರಾಂ ಇಳಿಯಿತು. ನನ್ನ ಪ್ರಕಾರ ಕಾರಣ ಸರಳ: ನುಂಗುವುದು ರೋಗಿಯ ಕೈಲಿ, ಡೋಸ್ ಏರಿಸುವುದು ವೈದ್ಯರ ಕೈಲಿ.

ಉತ್ತರ 2: ಅಳೆಯಲು ಸೆನ್ಸರ್ ಇರುವ ಡಬ್ಬಿ ಬಳಸುತ್ತಾರೆ. ಅದು ದಾಖಲಿಸುವುದು ಮುಚ್ಚಳ ತೆರೆದ ಹೊತ್ತನ್ನು, ಗಂಟಲೊಳಗೆ ಇಳಿದದ್ದನ್ನಲ್ಲ. ವಾರದ ಮಾತ್ರೆಯನ್ನು ಒಮ್ಮೆಲೇ ಬೇರೆ ಪೆಟ್ಟಿಗೆಗೆ ಹಾಕಿಕೊಳ್ಳುವವರು ಸರಿಯಾಗಿ ನುಂಗಿದರೂ 'ತಪ್ಪಿಸಿದವರು' ಆಗುತ್ತಾರೆ. ಹಾಗಾಗಿ ಶುರು ಮಾಡಿದ 4ರಿಂದ 12 ವಾರದೊಳಗೆ ರಕ್ತಪರೀಕ್ಷೆ ಮಾಡಿಸಿ, ಎರಡನ್ನೂ ತಾಳೆ ನೋಡಿ.

ಉತ್ತರ 3: ಬಹುಮಾನ ಮರುದಿನವೇ ಕೈಗೆ ಸಿಗಲಿ, ವರ್ಷದ ಕೊನೆಗೆಂದರೆ ಯಾರಿಗೂ ನೆನಪಿರುವುದಿಲ್ಲ. ಮೊದಲು ಮಾತ್ರೆ ಬಿಟ್ಟದ್ದೇಕೆಂದು ಕೇಳಿ. ಸ್ನಾಯುನೋವಿನಿಂದ ಬಿಟ್ಟವರಿಗೆ ಬೇಕಿರುವುದು ಡೋಸ್ ಅಥವಾ ಔಷಧದ ಬದಲಾವಣೆ. ಅಂಥವರಿಗೆ ದುಡ್ಡಿನ ಆಸೆ ತೋರಿಸಿದರೆ ನೋವನ್ನೇ ಮುಚ್ಚಿಡುತ್ತಾರೆ.