ಮಂಡಿ ಮಾವ ಮತ್ತು ಅಮೆರಿಕಾದ ಕಡಲೆಕಾಯಿ

ನಮ್ಮೂರು ಮಡಕಶಿರಾ ಪಕ್ಕ. ಆಂಧ್ರಕ್ಕೆ ಸೇರಿದ್ದೇವೆ. ರೇಷನ್ ಕಾರ್ಡು ತೆಲುಗಿನಲ್ಲಿದೆ, ಜಗಳ ಮಾತ್ರ ಕನ್ನಡದಲ್ಲೇ ಆಡುತ್ತೇವೆ. ನನ್ನದು ಜೆರಾಕ್ಸು, ಫ್ಲೆಕ್ಸಿನ ಅಂಗಡಿ. ಮೊನ್ನೆ ಸಂಜೆ ಬೀಗ ಹಾಕಿ ಅಕ್ಕನ ಟೀ ಅಂಗಡಿಗೆ ಹೋದರೆ ಮಂಡಿ ಮಾವ ಆಗಲೇ ಕೂತಿದ್ದ. ಕಡಲೆಕಾಯಿ ಮಂಡಿ ಇಟ್ಟಿದ್ದಾನೆ, ಅದಕ್ಕೆ ಆ ಹೆಸರು. ಸಂಬಂಧದಲ್ಲಿ ಯಾರಿಗೂ ಮಾವ ಅಲ್ಲ. ಸಾಲ ಕೊಟ್ಟಿರುವುದರಿಂದ ಊರಿಗೆಲ್ಲ ಮಾವ.

"ಈ ಸಲ ಸರ್ಪಂಚ್‌ಗೆ ನಿಲ್ತೀನಿ ಕಣ್ರೋ" ಅಂದ.

ಮೇಷ್ಟ್ರು ಪೇಪರ್ ಮಡಚಿಟ್ಟರು. ಬಾಯಿ ಹತ್ತಿರ ತಂದಿದ್ದ ಬೇಯಿಸಿದ ಕಾಯಿ ನನ್ನ ಕೈಯಲ್ಲೇ ಉಳಿಯಿತು.

"ಯಾಕೆ, ಕಡಲೆಕಾಯಿ ಮಾರೋನು ರಾಜಕೀಯಕ್ಕೆ ಬರಬಾರದಾ?"

"ಧಾರಾಳವಾಗಿ ಬಾ. ಕಡಲೆಕಾಯಿ ವ್ಯಾಪಾರದವನೊಬ್ಬ ಅಮೆರಿಕಾಕ್ಕೇ ಅಧ್ಯಕ್ಷ ಆಗಿದ್ದ" ಅಂದರು ಮೇಷ್ಟ್ರು.

ಮಾವ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಬೇಯಿಸಿದ ಕಾಯಿ, ಸದ್ದು ಎಲ್ಲಿಂದ ಬರಬೇಕು? ಆದರೆ ಅಭ್ಯಾಸ ಬಿಡಲ್ಲ ನೋಡಿ. ಮಂಡಿಗೆ ಮೂಟೆ ಬಂದರೂ ಹಾಗೇ ಅಲ್ಲಾಡಿಸುತ್ತಾನೆ. ಗಲಗಲ ಅಂದರೂ "ಇನ್ನೂ ತೇವ ಐತೆ" ಅಂತ ಮೂಟೆಗೆ ಎರಡು ಕೆಜಿ ಕಳೆಯುತ್ತಾನೆ. ಈಗ ಮೇಷ್ಟ್ರ ಮಾತನ್ನು ಅಲ್ಲಾಡಿಸುತ್ತಿದ್ದ.

"ಯಾರ್ರೀ ಅವನು?"

"ಜಿಮ್ಮಿ ಕಾರ್ಟರ್."

ಬೆಂಚಿನ ಕೆಳಗೆ ಮಲಗಿದ್ದ ಅಕ್ಕನ ನಾಯಿ ತಲೆ ಎತ್ತಿತು. ಅದರ ಹೆಸರೂ ಜಿಮ್ಮಿ. ಬಿಸ್ಕೆಟ್ ಬರಲಿಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಮಲಗಿತು.

ಮೇಷ್ಟ್ರು ಕತೆ ಶುರು ಮಾಡಿದರು. ಅಮೆರಿಕಾದ ಜಾರ್ಜಿಯಾ ರಾಜ್ಯದಲ್ಲಿ ಪ್ಲೇನ್ಸ್ ಅಂತ ಊರು. ಸಾವಿರ ಜನವೂ ಇಲ್ಲ. ಜಿಮ್ಮಿ ನೌಕಾಪಡೆಯಲ್ಲಿ ಜಲಾಂತರ್ಗಾಮಿ ಕೆಲಸದಲ್ಲಿದ್ದ. 1953ರಲ್ಲಿ ಅಪ್ಪ ತೀರಿಕೊಂಡರು. ಒಳ್ಳೇ ನೌಕರಿ ಬಿಟ್ಟು ಹೊಲ, ಗೋದಾಮು ನೋಡಿಕೊಳ್ಳಲು ಊರಿಗೆ ಬಂದ. ಹೆಂಡತಿ ರೋಸಲಿನ್‌ಗೆ ವಾಪಸ್ ಬರೋದು ಸುತರಾಂ ಇಷ್ಟವಿರಲಿಲ್ಲ. ಬಂದ ಮರು ವರ್ಷವೇ ಬರಗಾಲ.

"ಅಲ್ಲೂ ಬರಾನಾ?" ಮಾವನ ಮುಖ ಅರಳಿತು. ಅನಂತಪುರ ಸೀಮೆಯವರಿಗೆ ಬರ ಅಂದರೆ ನೆಂಟರ ಸುದ್ದಿ ಕೇಳಿದ ಹಾಗೆ.

"ಅಲ್ಲೂ ಬರಾನೇ. ಸರ್ಕಾರದವರು ಬಡವರಿಗೆ ಕಟ್ಟಿಸಿದ ಮನೇಲಿ ಬಾಡಿಗೆಗೆ ಇದ್ರು. ಆಮೇಲೆ ಬಿತ್ತನೆ ಕಾಯಿ, ಗೊಬ್ಬರ, ಕಾಯಿ ಸುಲಿಯೋ ಮಿಷನ್ನು ಅಂತ ವ್ಯಾಪಾರ ಬೆಳೀತು. ಲೆಕ್ಕದ ಪುಸ್ತಕ ಹೆಂಡತಿ ಕೈಲಿ."

"ಅದಕ್ಕೇ ಉದ್ಧಾರ ಆದ" ಅಂದಳು ಅಕ್ಕ, ಟೀ ಸೋಸುತ್ತಾ.

1962ರಲ್ಲಿ ರಾಜ್ಯದ ಸೆನೆಟ್‌ಗೆ, ಅಂದರೆ ಅಲ್ಲಿನ ಮೇಲ್ಮನೆಗೆ ನಿಂತ. ಒಂದು ಕೌಂಟಿಯಲ್ಲಿ, ನಮ್ಮ ಜಿಲ್ಲೆ ಇದ್ದ ಹಾಗೆ, ಅಲ್ಲಿನ ದೊಡ್ಡ ಮನುಷ್ಯನೊಬ್ಬ ಪೆಟ್ಟಿಗೆಗೆ ಓಟು ತುಂಬಿಸಿಬಿಟ್ಟಿದ್ದ. ಸತ್ತವರೂ ಓಟು ಹಾಕಿದ್ದರು. ಅದಾದರೂ ಇರಲಿ, ನೂರಕ್ಕೂ ಜಾಸ್ತಿ ಜನ ಹೆಸರಿನ ಅಕ್ಷರ ಪ್ರಕಾರ ಸಾಲಾಗಿ ಬಂದು ಹಾಕಿದ ಹಾಗಿತ್ತು ಲೆಕ್ಕ! ಜಿಮ್ಮಿ ಬಿಡಲಿಲ್ಲ. ತಕರಾರು ಹಾಕಿ, ಓಡಾಡಿ, ಸೀಟು ಗೆದ್ದುಕೊಂಡ.

ಮಾವ ಸುತ್ತ ನೋಡಿ ದನಿ ತಗ್ಗಿಸಿದ. "ಅಕ್ಷರ ಪ್ರಕಾರ ಅಂದ್ರೆ ನಮ್ಮಲ್ಲಿ ಕನ್ನಡದಲ್ಲೋ ತೆಲುಗಲ್ಲೋ?"

"ಸುಮ್ನೆ ಕೇಳು ಮಾವ" ಅಂದೆ.

1966ರಲ್ಲಿ ಗವರ್ನರ್‌ಗೆ, ಅಂದರೆ ನಮ್ಮ ಮುಖ್ಯಮಂತ್ರಿಯಂಥ ಕುರ್ಚಿಗೆ ನಿಂತು ಸೋತ. 1970ರಲ್ಲಿ ಗೆದ್ದ. ಆಮೇಲೆ ಅಧ್ಯಕ್ಷ ಆಗ್ತೀನಿ ಅಂತ ಹೊರಟರೆ "ಯಾವ ಜಿಮ್ಮಿ?" ಅಂತ ಕೇಳೋರು ಜನ. ನಾಯಿ ಮತ್ತೆ ಎದ್ದಿತು. ಊರಿನ ಸ್ನೇಹಿತರೆಲ್ಲ 'ಕಡಲೆಕಾಯಿ ದಂಡು' ಕಟ್ಟಿಕೊಂಡು ದೂರದ ನ್ಯೂ ಹ್ಯಾಂಪ್‌ಶೈರ್‌ವರೆಗೂ ಹೋಗಿ, ಆ ಚಳಿಯಲ್ಲಿ ಮನೆ ಮನೆ ಬಾಗಿಲು ತಟ್ಟಿದರು. ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಸುತ್ತಿನಲ್ಲಿ ಅಯೋವಾ ರಾಜ್ಯದಲ್ಲಿ ಜಾಸ್ತಿ ಬಂದಿದ್ದು "ಇನ್ನೂ ಯಾರಿಗೂ ಅಂತ ತೀರ್ಮಾನ ಮಾಡಿಲ್ಲ" ಅನ್ನೋರ ಓಟು. ಜಿಮ್ಮಿ ಎರಡನೆಯವ. ಅಷ್ಟಕ್ಕೇ ಹೆಸರು ದೇಶವೆಲ್ಲ ಹಬ್ಬಿತು. 1976ರಲ್ಲಿ ಗೆದ್ದೇಬಿಟ್ಟ.

"1978ರ ಜನವರೀಲಿ ದೆಹಲಿಗೆ ಬಂದ. ಆಗ ನಮ್ಮ ರಾಷ್ಟ್ರಪತಿ ಯಾರು ಹೇಳು?" ಮೇಷ್ಟ್ರು ಮಾವನನ್ನೇ ಕೇಳಿದರು.

ಮಾವ ತಲೆ ಕೆರೆದುಕೊಂಡ.

"ಸಂಜೀವ ರೆಡ್ಡಿ! ನಮ್ಮ ಅನಂತಪುರ ಸೀಮೆಯ ಇಲ್ಲೂರಿನವರು."

ಬೆಂಚು ಅಲುಗಾಡಿತು. ಕಡಲೆಕಾಯಿ ಜಿಲ್ಲೆಯವರು ಕಡಲೆಕಾಯಿ ವ್ಯಾಪಾರಿಯನ್ನು ಬರಮಾಡಿಕೊಂಡಿದ್ದಾರೆ! ಅದೇ ಸಲ ಆತ ಹರಿಯಾಣಾದ ಒಂದು ಹಳ್ಳಿಗೆ ಹೋಗಿದ್ದ, ಆ ಊರಿಗೆ ಕಾರ್ಟರ್‌ಪುರಿ ಅಂತಲೇ ಹೆಸರಾಯಿತು. "ನಮ್ಮ ಮಂಡಿಗೆ ಕರ್ಕೊಂಡು ಬಂದಿದ್ರೆ ಒಂದು ಮೂಟೆ ಫ್ರೀಯಾಗಿ ಕೊಡ್ತಿದ್ದೆ" ಅಂದ ಮಾವ. ಆಗ ಅವನಿಗೆ ಆರು ವರ್ಷ. ಕೊಡುತ್ತಿದ್ದನೋ ಏನೋ, ಎರಡು ಕೆಜಿ ಮಾತ್ರ ಖಂಡಿತ ಕಳೆಯುತ್ತಿದ್ದ.

"ಅಷ್ಟು ದೊಡ್ಡ ಕುರ್ಚಿ ಸಿಕ್ಕಿದ ಮೇಲೆ ಮಂಡೀನೂ ಭಾರೀ ಬೆಳೆದಿರಬೇಕು ಬಿಡಿ."

"ಇಲ್ಲ. ಅಧ್ಯಕ್ಷ ಆಗ್ತಿದ್ದ ಹಾಗೇ ವ್ಯಾಪಾರ ಬೇರೆಯವರ ಕೈಗೆ ಒಪ್ಪಿಸಿದ. ಅವರು ಏನು ಮಾಡಿದ್ರೂ ನನಗೆ ಹೇಳಬೇಡಿ ಅಂದ."

"ಬೀಗದ ಕೈ ಕೊಟ್ಟನಾ?"

"ಕೊಟ್ಟ."

"ತಕ್ಕಡೀನೂ?"

"ತಕ್ಕಡೀನೂ. ಹಾಗಂತ ಕಾನೂನೇನೂ ಇರಲಿಲ್ಲ, ಅವನಾಗೇ ಬಿಟ್ಟಿದ್ದು. ಆದ್ರೂ ಗೋದಾಮಿನ ಸಾಲದ ಬಗ್ಗೆ ಅನುಮಾನ ಬಂತು, 1979ರಲ್ಲಿ ತನಿಖೆ ಆಯ್ತು. ತಪ್ಪು ಮಾಡಿಲ್ಲ ಅಂತ ಹೇಳಿದ್ರು. 1980ರಲ್ಲಿ ರೇಗನ್ ಮುಂದೆ ಸೋತು ಊರಿಗೆ ಬಂದು ನೋಡಿದ್ರೆ ವ್ಯಾಪಾರದ ಮೇಲೆ ಹತ್ತು ಲಕ್ಷ ಡಾಲರ್ ಸಾಲ! ಮಾರಿಬಿಟ್ಟ. ಆಮೇಲೆ ಪುಸ್ತಕ ಬರೆದು ಬದುಕಿದ. 2002ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನೂರು ವರ್ಷ ತುಂಬಿಸಿ 2024ರಲ್ಲಿ ಹೋದ, ಅದೇ ಊರಲ್ಲಿ, ತನ್ನ ಹಳೇ ಮನೇಲಿ."

ಮಾವನ ಟೀ ಮೇಲೆ ಕೆನೆ ಕಟ್ಟಿತ್ತು. ಶಾಂತಿ ಪ್ರಶಸ್ತಿ ಅವನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ತಕ್ಕಡಿ ಹತ್ತಿರವೇ ನಿಂತಿದ್ದ. ಹಣ ಕೊಡದೆ ಎದ್ದು ಹೋದ. ಅದು ಹೊಸದಲ್ಲ ಅಂದಳು ಅಕ್ಕ.

ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದ ಹಾಗೇ ಫೋನ್ ಬಂತು.

"ಆ ಫ್ಲೆಕ್ಸಲ್ಲಿ ನನ್ನ ಫೋಟೋ ತೆಗೆದು ನಿಮ್ಮತ್ತೇದು ಹಾಕು."

"ಯಾಕೆ ಮಾವ?"

"ಗೆದ್ದೋರು ವ್ಯಾಪಾರ ಬಿಡಬೇಕಂತಲ್ಲ. ಅವಳಿಗೆ ವ್ಯಾಪಾರ ಎಲ್ಲೈತೆ?"

"ಅತ್ತೆಗೆ ಹೇಳಿದ್ಯಾ?"

"ಫ್ಲೆಕ್ಸಲ್ಲಿ ನೋಡ್ಕೋತಾಳೆ ಬಿಡು."