ಸ್ಕೀ ತಳಕ್ಕೆ ಕೈಯಲ್ಲಿ ಗೀರು ಒತ್ತುವುದು ವ್ಯಾಕ್ಸ್‌ಗೆ ಮೊದಲೋ, ಆಮೇಲೋ?

ಪ್ರಶ್ನೆ: ನಮಸ್ಕಾರ ಸರ್. ಸ್ವೀಡನ್‌ನಲ್ಲಿದ್ದೇನೆ, ಮಾರ್ಚ್‌ನ ವಾಸಲೊಪ್ಪೆಟ್ ಸ್ಕೀ ರೇಸ್‌ಗೆ ಹೆಸರು ಕೊಟ್ಟಿದ್ದೇನೆ (ಸೇಲೆನ್‌ನಿಂದ ಮೋರಾಗೆ 90 ಕಿ.ಮೀ., ಜೋಡಿ ಟ್ರ್ಯಾಕ್‌ನಲ್ಲಿ ಓಡುವ ಕ್ಲಾಸಿಕ್ ಶೈಲಿ). ತಳಕ್ಕೆ ಗೀರು ಒತ್ತುವ ರೋಲರ್ ಟೂಲ್ ತಗೊಂಡೆ. 0.5, 1, 2 ಮಿ.ಮೀ. ರೋಲರ್‌ಗಳಿವೆ. ಗೀರು ಒತ್ತಿ, ಮೇಲೆ ವ್ಯಾಕ್ಸ್ ಹಾಕಿ ಇಸ್ತ್ರಿ ಮಾಡಿದರೆ ಗೀರೇ ಕಾಣಿಸುತ್ತಿಲ್ಲ. ಟೂಲ್ ಕೆಟ್ಟಿದೆಯಾ?

ಉತ್ತರ: ಟೂಲ್ ಚೆನ್ನಾಗಿದೆ, ಕ್ರಮ ಹಿಂದುಮುಂದಾಗಿದೆ. ರೋಲರ್ ತಳವನ್ನು ಕೊರೆಯುವುದಿಲ್ಲ, ಬರೀ ಒತ್ತುತ್ತದೆ. ತಳ ಪಾಲಿಎಥಿಲೀನ್; ಇಸ್ತ್ರಿಯ ಬಿಸಿ ತಾಗಿದರೆ ಒತ್ತಿದ ಜಾಗ ಮತ್ತೆ ಉಬ್ಬಿ ಸಮವಾಗುತ್ತದೆ. ಮೊದಲು ಗ್ಲೈಡ್ ವ್ಯಾಕ್ಸ್ (ಚೆನ್ನಾಗಿ ಜಾರಲು ಹಚ್ಚುವ ಮೇಣ) ಹಾಕಿ, ಪೂರ್ತಿ ತಣ್ಣಗಾದ ಮೇಲೆ ಸ್ಕ್ರೇಪರ್, ಆಮೇಲೆ ಬ್ರಷ್, ಕೊನೆಗೆ ರೋಲರ್. ನಂತರ ನೈಲಾನ್ ಬ್ರಷ್ ಎರಡು ಸಲ ಹಗುರವಾಗಿ ಆಡಿಸಿ. ಗೀರು ಅಳಿಸಿಹೋಗುವುದು ಒಳ್ಳೆಯದೇ: ನಾಳೆ ಹಿಮ ಬದಲಾದರೆ ಇಸ್ತ್ರಿ ಹಾಕಿ ಹೊಸದಾಗಿ ಒತ್ತಬಹುದು. ಕಲ್ಲಿನ ಗ್ರೈಂಡಿಂಗ್‌ನಲ್ಲಿ (ಯಂತ್ರದ ಕಲ್ಲಿನಿಂದ ತಳ ಉಜ್ಜಿ ಗೀರು ಮಾಡುವುದು), ಕೊರೆಯುವ ಟೂಲ್‌ಗಳಲ್ಲಿ ಆ ಅನುಕೂಲ ಇಲ್ಲ.

ಪ್ರಶ್ನೆ: ಯಾವ ರೋಲರ್ ಯಾವಾಗ?

ಉತ್ತರ: ಒದ್ದೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವಲ್ಲ, ಒದ್ದೆ ಹಿಮದಲ್ಲಿ ಸ್ಕೀಗೂ ಅದೇ ಗತಿ. ಗೀರು ಆ ನೀರಿನ ಪದರವನ್ನು ಒಡೆಯುತ್ತದೆ. 0 ಡಿಗ್ರಿ ಆಸುಪಾಸಿನ ಒದ್ದೆ ಹಿಮಕ್ಕೆ 1 ಮಿ.ಮೀ., ಟ್ರ್ಯಾಕ್‌ನಲ್ಲಿ ನೀರು ನಿಂತಿದ್ದರೆ 2. ಮೈನಸ್ 2ರಿಂದ ಮೈನಸ್ 6ರವರೆಗೆ 0.5 ಸಾಕು. ಮೈನಸ್ 10ಕ್ಕಿಂತ ಕೆಳಗೆ ಗ್ರೈಂಡಿಂಗ್ ಮೇಲೆ ಏನೂ ಒತ್ತಬೇಡಿ. ಆ ಚಳಿಯಲ್ಲಿ ಅಂಟುವಷ್ಟು ನೀರೇ ಇರುವುದಿಲ್ಲ, ದಪ್ಪ ಗೀರಿಗೆ ಹಿಮದ ಹರಳು ಸಿಕ್ಕಿಕೊಂಡು ಸ್ಕೀ ನಿಧಾನವಾಗುತ್ತದೆ. ಥರ್ಮಾಮೀಟರ್ ಒಂದನ್ನೇ ನಂಬಬೇಡಿ: ಈಗಷ್ಟೇ ಬಿದ್ದ ಹಿಮಕ್ಕೆ ಒಂದು ಮೆಟ್ಟಿಲು ಸಣ್ಣದು, ಕರಗಿ ಮತ್ತೆ ಗಟ್ಟಿಯಾದ ಹಳೇ ಹಿಮಕ್ಕೆ ಒಂದು ಮೆಟ್ಟಿಲು ದೊಡ್ಡದು.

2023–24ರ ಸೀಸನ್‌ನಿಂದ ಎಫ್‌ಐಎಸ್ (ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ) ಸ್ಪರ್ಧೆಗಳಲ್ಲಿ ನೀರನ್ನು ದೂರ ತಳ್ಳುವ ಫ್ಲೋರಿನ್ ವ್ಯಾಕ್ಸ್ ಇಲ್ಲವಾದ್ದರಿಂದ, ನೀರು ಬಿಡಿಸುವ ಕೆಲಸದಲ್ಲಿ ಗೀರಿನ ಪಾಲು ಇನ್ನೂ ಹೆಚ್ಚಿದೆ.

ಪ್ರಶ್ನೆ: ನನ್ನ ಗೀರು ಎರಡು ತುದಿಯಲ್ಲಿ ಆಳ, ನಡುವೆ ತೇಲಿದಂತೆ ಬರುತ್ತಿದೆ. ಇನ್ನೊಂದು ಸಲ ಎಳೆಯಲಾ?

ಉತ್ತರ: ಬೇಡ. ಎರಡನೇ ಗೀರು ಮೊದಲಿನದರ ಮೇಲೆ ಸರಿಯಾಗಿ ಕೂರುವುದಿಲ್ಲ, ತಳ ಕಲಸಿದಂತಾಗುತ್ತದೆ. ತಪ್ಪು ಸ್ಟ್ಯಾಂಡ್‌ನದು. ಬರೀ ಎರಡು ಆಧಾರದ ಮೇಲೆ ಇಟ್ಟರೆ, ಒತ್ತಿದಾಗ ಸ್ಕೀ ನಡುವೆ ಬಗ್ಗುತ್ತದೆ, ಅಲ್ಲಿ ನಿಮ್ಮ ಭಾರ ತಳಕ್ಕೆ ತಲುಪುವುದಿಲ್ಲ. ಉದ್ದಕ್ಕೂ ಆಧಾರ ಕೊಡುವ ಪ್ರೊಫೈಲ್ ಬೆಂಚ್ ಬೇಕು. ಟೂಲ್‌ನ ಗೈಡ್ ಸ್ಕೀ ಅಂಚಿಗೆ ತಾಗಿರಲಿ, ಎರಡೂ ಕೈಯ ಭಾರ ಸಮ ಇರಲಿ, ಮೂತಿಯಿಂದ ಬಾಲದ ಕಡೆಗೆ ಒಂದೇ ಉಸಿರಿನಲ್ಲಿ ತಳ್ಳಿ. ನಡುವೆ ನಿಂತರೆ ಅಡ್ಡಗೆರೆ ಬೀಳುತ್ತದೆ. ದೀಪವನ್ನು ಓರೆಯಾಗಿ ಹಿಡಿದರೆ ಕೂದಲೆಳೆಯಂತೆ ಕಾಣಿಸುತ್ತದೆ. ಹಾಗಾದರೆ ಇಸ್ತ್ರಿ ಹಾಕಿ ಮೊದಲಿನಿಂದ ಶುರುಮಾಡಿ.

ಪ್ರಶ್ನೆ: ಕಾಲಡಿಯ ಹಿಡಿತದ ಭಾಗಕ್ಕೂ ಒತ್ತಬೇಕಾ?

ಉತ್ತರ: ಅಗತ್ಯವಿಲ್ಲ, ಆ ಭಾಗಕ್ಕೆ ಮರಳು ಕಾಗದ ಉಜ್ಜಿ ಕ್ಲಿಸ್ಟರ್ (ಹಿಡಿತ ಕೊಡುವ ಅಂಟು ವ್ಯಾಕ್ಸ್) ಹಚ್ಚುತ್ತೀರಿ. ಆದರೆ ರೋಲರ್ ಕೆಲಸ ಕ್ಲಿಸ್ಟರ್‌ಗಿಂತ ಮೊದಲೇ ಮುಗಿಯಲಿ. ಒಮ್ಮೆ ಕ್ಲಿಸ್ಟರ್ ರೋಲರ್‌ನ ಹಲ್ಲಿಗೆ ಮೆತ್ತಿದರೆ, ಅದರಲ್ಲಿ ಕೂತ ಕಸ ಪ್ರತಿ ಸುತ್ತಿಗೂ ತಳದಲ್ಲಿ ಒಂದೊಂದು ಗುಳಿ ಒತ್ತುತ್ತದೆ. ಪ್ರತಿ ಸಲ ಬಳಸುವ ಮುನ್ನ ಹಳೇ ಟೂತ್‌ಬ್ರಷ್‌ನಲ್ಲಿ ಹಲ್ಲು ಉಜ್ಜಿ, ಒಣಗಿಸಿ. ರೇಸ್‌ಗೆ ಎರಡು ದಿನ ಮೊದಲು ಒಂದು ಸ್ಕೀಗೆ 0.5, ಇನ್ನೊಂದಕ್ಕೆ 1 ಒತ್ತಿ, ಇಳಿಜಾರಿನಲ್ಲಿ ಎರಡೂ ಕಾಲಿಗೆ ಸಮ ಭಾರ ಕೊಟ್ಟು ಜಾರಿ. ಆಮೇಲೆ ಎಡಬಲ ಅದಲುಬದಲು ಮಾಡಿ ಮತ್ತೆ ಜಾರಿ. ಎರಡು ಸಲವೂ ಮುಂದೆ ಓಡುವ ಸ್ಕೀ ಯಾವುದೋ ಆ ಗೀರು ಇಟ್ಟುಕೊಳ್ಳಿ.